ಅಲಮೇಲಕ್ಕ ಯಾವ ಬಸ್ಸಿಗೆ ಕಾಯುತ್ತಿದ್ದಾಳೆ?

ಜನ ಬಸ್ಸಿಗೆ ಕಾಯುವುದು ಲೋಕರೂಢಿ. ಒಬ್ಬ ಹೆಂಗಸಿಗೋಸ್ಕರ ಬಸ್ಸೇ ತಲೆಕೆಡಿಸಿಕೊಂಡು, ‘ಎಲ್ಲಿಗೆ ಹೋಗಬೇಕು ತಾಯಿ, ಬಾಯಿಬಿಟ್ಟು ಹೇಳಬಾರದೇ’ ಎಂದು ಊರೆಲ್ಲ ಅಲೆದದ್ದನ್ನು ಕೇಳಿದ್ದೀರಾ? ನಾನು ಕೇಳಿದ್ದಲ್ಲ, ಕಂಡದ್ದು. ಮೈಸೂರಿನ ಸಂಚಾರ ಕೇಂದ್ರದಲ್ಲಿ ಗೋಡೆಯಗಲದ ಪರದೆಯ ಮುಂದೆ ಕೂತು ಬಸ್ಸುಗಳ ಓಡಾಟ ನೋಡಿಕೊಳ್ಳುವುದು ನನ್ನ ಕೆಲಸ. ಹೆಸರು ವನಜಾಕ್ಷಿ.

ನಂಬರ್ ಬಸ್ಸಿನ ಕಾಲದವರಿಗೆ ಮೊದಲು ಒಂದಿಷ್ಟು ವಿವರಿಸಬೇಕು. ಈಗ ನಮ್ಮೂರಿನ ಬಸ್ಸುಗಳಿಗೆ ನಂಬರೂ ಇಲ್ಲ, ಕಾಯಂ ದಾರಿಯೂ ಇಲ್ಲ. ಪ್ರತಿ ನಿಲ್ದಾಣದ ಫುಟ್‌ಪಾತಿನಲ್ಲಿ ಕಿವಿಗಲ್ಲು ಅಂತ ಹಾಸಿದ್ದಾರೆ. ಮೇಲೆ ಯಾರು ನಿಂತರೂ ಅವರ ಭಾರ ಅದಕ್ಕೆ ತಿಳಿಯುತ್ತದೆ. ಮನುಷ್ಯರು ನಿಂತರೆ ನೆಟ್ಟಗೆ ನಿಲ್ಲುವ ಜಾತಿಯಲ್ಲ. ಈ ಕಾಲಿಂದ ಆ ಕಾಲಿಗೆ ತೂಗಾಡುತ್ತಲೇ ಇರುತ್ತೇವೆ. ಆ ತೂಗಾಟದ ಮೇಲೆಯೇ ಇದು ಮನುಷ್ಯ, ಇದು ಅಕ್ಕಿ ಮೂಟೆ ಎಂದು ಕಲ್ಲು ಗುರುತು ಹಿಡಿಯುತ್ತದೆ. ಅದೇ ಭಾರ, ಅದೇ ತೂಗಾಟ ಬಸ್ಸಿನ ಬಾಗಿಲ ಹಲಗೆಯ ಮೇಲೆ ಹತ್ತಿ ಇನ್ನೆಲ್ಲೋ ಇಳಿದರೆ, ಇಲ್ಲಿಂದ ಅಲ್ಲಿಗೆ ಹೋಗುವವರಿದ್ದಾರೆ ಎಂದು ನಮ್ಮ ಗಣಕಯಂತ್ರಕ್ಕೆ ಅರ್ಥವಾಗುತ್ತದೆ. ಹಾಗೆ ಕೂಡಿ ಕಳೆದು ದಿನಾ ಬೆಳಗ್ಗೆ ಅಂದಂದಿನ ದಾರಿಗಳನ್ನು ಅದೇ ಹಾಕಿಕೊಡುತ್ತದೆ. ಅದಕ್ಕೆ ಸರ್ಕಾರ ಇಟ್ಟ ಹೆಸರು ಗೇಣುದ್ದ ಇದೆ. ನಾವು ಶಾನುಭೋಗರು ಅನ್ನುತ್ತೇವೆ.

ಇನ್ನು ಬಸ್ ಪಥ. ನಮ್ಮ ಜವಳಿ ಬೀದಿಯಂಥ ಇಕ್ಕಟ್ಟಿನ ಪೇಟೆಯಲ್ಲಿ ಬಸ್ಸಿಗೆಂದು ಕಾಯಂ ಜಾಗ ಬಿಟ್ಟರೆ ಅಂಗಡಿಯವರು ಬೀದಿಗಿಳಿಯುತ್ತಿದ್ದರು, ಬಿಡದಿದ್ದರೆ ಬಸ್ಸು ತೆವಳುತ್ತಿತ್ತು. ಅದಕ್ಕೇ ಹಸಿರು ಗೆರೆ ಬಂತು. ಬಸ್ಸು ಬರುವುದಕ್ಕೆ ಸ್ವಲ್ಪ ಮುಂಚೆ ಟಾರಿನೊಳಗಿನ ದೀಪಗಳು ಹಸಿರಾಗಿ ಹೊತ್ತಿಕೊಳ್ಳುತ್ತವೆ. ಆಟೊ, ಸ್ಕೂಟರು, ತಳ್ಳುಗಾಡಿ ಎಲ್ಲ ಪಕ್ಕಕ್ಕೆ ಸರಿಯಬೇಕು. ಬಸ್ಸು ದಾಟಿತೋ, ಗೆರೆ ಆರಿತು, ರಸ್ತೆ ಮತ್ತೆ ಎಲ್ಲರದು. ಕ್ಯಾಮೆರಾ ಮಾತ್ರ ಎಲ್ಲೂ ಇಲ್ಲ. ಮುಖ ನೋಡಕೂಡದು ಅಂತ ಜನ ಹಟ ಹಿಡಿದಿದ್ದರು. ಹಾಗಾಗಿ ನಮಗೆ ಊರಿನವರ ಕಾಲು ಗೊತ್ತು, ಮುಖ ಗೊತ್ತಿಲ್ಲ.

ಯುಗಾದಿ ಕಳೆದ ಮೇಲೆ ಒಂದು ದಿನ ಪರದೆಯ ಮೇಲೆ ಜವಳಿ ಬೀದಿಯ ನಿಲ್ದಾಣದಲ್ಲಿ ಒಂದು ಚುಕ್ಕಿ ಕೆಂಪಾಯಿತು. ಕೆಂಪು ಚುಕ್ಕಿ ಎಂದರೆ ಯಾರೋ ತುಂಬಾ ಹೊತ್ತಿನಿಂದ ಕಾಯುತ್ತಿದ್ದಾರೆ ಎಂದರ್ಥ. ಬಸ್ಸು ಬಂತು, ಹೋಯಿತು. ಚುಕ್ಕಿ ಹತ್ತಲಿಲ್ಲ. ಇನ್ನೊಂದು ಬಂತು. ಊಹೂಂ. ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಬಂದು ನಿಂತ ಚುಕ್ಕಿ ಅಂಗಡಿ ಮುಚ್ಚುವ ಹೊತ್ತಿಗೆ ಮಾಯ. ಮರುದಿನ ಮತ್ತೆ ಹಾಜರು.

ನಮ್ಮ ಮೇಲಧಿಕಾರಿ ಗುರುಪಾದ ಸರ್ ಕನ್ನಡಕ ಹಣೆಗೇರಿಸಿಕೊಂಡು ಪರದೆ ನೋಡಿದರು.

“ಕಲ್ಲು ಕೆಟ್ಟಿರ್ಬೇಕು ಕಣ್ರೀ ವನಜಾಕ್ಷಿಯವ್ರೇ.”

“ಇಲ್ಲಿಂದ್ಲೇ ಪರೀಕ್ಷೆ ಮಾಡಿದೆ ಸರ್. ಕಲ್ಲು ಗಟ್ಟಿಮುಟ್ಟಾಗಿದೆ. ಹೆಂಗಸರ ಭಾರ, ತೂಗಾಟಾನೂ ಇದೆ.”

“ಹಾಗಾದ್ರೆ ಯಾಕೆ ಹತ್ತಲ್ಲ?”

“ಬೇಕಾದ ಬಸ್ಸು ಬಂದಿಲ್ವೇನೋ.”

ನಾನು ಸುಮ್ಮನೆ ಬಾಯಿಗೆ ಬಂದದ್ದು ಹೇಳಿದೆ. ಆದರೆ ಶಾನುಭೋಗರೂ ಹಾಗೆಯೇ ಯೋಚಿಸುತ್ತಿದ್ದರು. ಆ ಯಂತ್ರವನ್ನು ಕಟ್ಟಿದ ಪುಣ್ಯಾತ್ಮರು ಅದಕ್ಕೊಂದು ನಿಯಮ ಕಲಿಸಿದ್ದರು. ಕಾದವರು ಬಸ್ಸು ಹತ್ತದಿದ್ದರೆ ತಪ್ಪು ಅವರದಲ್ಲ, ನಮ್ಮದು. ಅವರಿಗೆ ಬೇಕಾದ ಕಡೆ ಹೋಗುವ ಬಸ್ಸನ್ನು ನಾವು ಇನ್ನೂ ಕಳಿಸಿಲ್ಲ. ಎಷ್ಟು ಹೆಚ್ಚು ಕಾದಿದ್ದಾರೋ ಅಷ್ಟು ಅವರ ಮಾತಿಗೆ ತೂಕ ಹೆಚ್ಚು. ಮನುಷ್ಯರಿಗೂ ಈ ನಿಯಮ ಕಲಿಸಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಸರಿ, ಶಾನುಭೋಗರು ಹುಡುಕಾಟ ಶುರು ಮಾಡಿದರು. ಹೆಂಗಸು, ಇಷ್ಟು ಹೊತ್ತು ಕಾಯುತ್ತಾಳೆ ಎಂದರೆ ಆಸ್ಪತ್ರೆಗಿರಬಹುದು ಎಂದು ಆಸ್ಪತ್ರೆಯ ಕಡೆಗೊಂದು ಬಸ್ಸು ತಿರುಗಿಸಿದರು. ಹತ್ತಲಿಲ್ಲ. ನಂಜನಗೂಡಿಗೆ ಕಳಿಸಿದರು. ಹತ್ತಲಿಲ್ಲ. ಬನ್ನೂರು, ಲಿಂಗಾಂಬುಧಿ ಕೆರೆ, ಮೃಗಾಲಯ! ಒಂದೊಂದು ದಾರಿಯನ್ನೂ ಕೆಲವು ದಿನ ಇಟ್ಟು ನೋಡಿ, ಆಮೇಲೆ ಅಳಿಸಿ, ಹೊಸದು ಹಾಕುತ್ತಿದ್ದರು. ಜವಳಿ ಬೀದಿಯಲ್ಲಿ ಹಸಿರು ಗೆರೆ ಒಂದು ದಿನ ಪೂರ್ವಕ್ಕೆ, ಇನ್ನೊಂದು ದಿನ ದಕ್ಷಿಣಕ್ಕೆ. ಅಷ್ಟು ದೊಡ್ಡ ಯಂತ್ರ ಒಬ್ಬ ಹೆಂಗಸಿನ ಮನಸ್ಸು ತಿಳಿಯಲಾರದೆ ಒದ್ದಾಡುವುದನ್ನು ನೋಡಿ ನನಗೆ ನಗು, ಜೊತೆಗೆ ತಡೆಯಲಾರದ ಕುತೂಹಲ. ಯಾರವಳು? ಎಲ್ಲಿಗೆ ಹೋಗಬೇಕಾಗಿದೆ?

ಮನೆಯಲ್ಲಿ ನನಗಿಂತ ಕುತೂಹಲದವರು ಒಬ್ಬರಿದ್ದರು. ನಮ್ಮತ್ತೆ ತುಂಗಮ್ಮ. ನನ್ನ ಗಂಡನಿಗೆ ಹಾಸನದಲ್ಲಿ ಕೆಲಸ, ವಾರಕ್ಕೊಮ್ಮೆ ಮುಖ ತೋರಿಸುತ್ತಾರೆ. ಉಳಿದಂತೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಜಗಳಕ್ಕೆ ವಿಷಯ ಮುಗಿದು ನಾವು ಎಂದೋ ಗೆಳತಿಯರಾಗಿದ್ದೆವು. ಹೆಂಗಸರಿಗೆ ಹೇಗೂ ಟಿಕೆಟ್ ಇಲ್ಲವಲ್ಲ, ಶಾನುಭೋಗರು ಹೊಸ ದಾರಿ ಹಾಕಿದಾಗಲೆಲ್ಲ ಅತ್ತೆ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರುತ್ತಿದ್ದರು.

“ಇವತ್ತು ಎಲ್ಲಿಗೆ ಬಿಟ್ಟಿದೀರೆ ನಿಮ್ಮ ಬಸ್ಸು?” ಎಂದು ಬೆಳಗ್ಗೆ ಕಾಫಿ ಕೊಡುವಾಗಲೇ ಕೇಳುತ್ತಿದ್ದರು. ಸಂಜೆ ನಾನು ಬರುವಷ್ಟರಲ್ಲಿ ನಂಜನಗೂಡಿನ ರಸಬಾಳೆಯೋ ಬನ್ನೂರಿನ ಸುದ್ದಿಯೋ ಊಟದ ಮೇಜಿನ ಮೇಲಿರುತ್ತಿತ್ತು.

“ಅವಳು ತವರಿಗೆ ಹೋಗ್ಬೇಕು ಅಂತ ನಿಂತಿರ್ತಾಳೆ ಕಣೆ,” ಎಂದು ಅತ್ತೆಯ ವಾದ. “ಗಂಡನ ಮನೇಲಿ ಏನೋ ಕಿರಿಕಿರಿ. ಹೋಗ್ಲಾ ಬೇಡ್ವಾ ಅಂತ ದಿನಾ ಬಂದು ನಿಂತ್ಕೋತಾಳೆ, ಧೈರ್ಯ ಸಾಲದೆ ವಾಪಸ್ ಹೋಗ್ತಾಳೆ.”

“ದಿನವೆಲ್ಲ ನಿಂತೇ ಇರ್ತಾಳಲ್ಲ ಅತ್ತೆ, ಊಟ ತಿಂಡಿ?”

“ಅದೂ ಹೌದಲ್ವೆ,” ಎಂದು ಅತ್ತೆ ಸೌಟು ಹಿಡಿದುಕೊಂಡೇ ಯೋಚನೆಗೆ ಬಿದ್ದರು. ಆ ದಿನ ಸಾರು ಸೀದುಹೋಯಿತು.

ಆದರೆ ಇದೆಲ್ಲ ತಮಾಷೆಯಾಗಿಯೇ ಉಳಿಯಲಿಲ್ಲ. ಇರುವ ಬಸ್ಸುಗಳು ಇಷ್ಟೇ. ಜವಳಿ ಬೀದಿಗೆ ಒಂದು ಹೆಚ್ಚು ಬಂತೆಂದರೆ ಎಲ್ಲೋ ಒಂದು ಕಡಿಮೆಯಾಯಿತು ಎಂದೇ. ಆ ಪೆಟ್ಟು ಗಿರಣಿ ಕಾಲೋನಿಗೆ ಬಿದ್ದಿತ್ತು. ಅಲ್ಲಿಂದ ಒಬ್ಬ ಮೇಷ್ಟ್ರು ದಿನಾ ಫೋನ್ ಮಾಡಿ, “ನಮ್ಮ ಮಕ್ಕಳು ಸ್ಕೂಲಿಗೆ ನಡ್ಕೊಂಡು ಬರ್ತಿದ್ದಾವೆ, ನಿಮ್ಮ ಯಂತ್ರ ಮೃಗಾಲಯಕ್ಕೆ ಬಸ್ ಬಿಡ್ತಿದೆ. ನಾಚ್ಕೆ ಆಗಲ್ವಾ?” ಎಂದು ಬೈಯುತ್ತಿದ್ದರು. ನಾಚಿಕೆಯಾಗುತ್ತಿತ್ತು.

ಗುರುಪಾದ ಸರ್ ಕೊನೆಗೆ ಖಡಾಖಂಡಿತ ಹೇಳಿಬಿಟ್ಟರು. “ಶನಿವಾರದೊಳಗೆ ಇದು ಬಗೆಹರೀಬೇಕು. ಇಲ್ಲಾಂದ್ರೆ ಆ ಕಲ್ಲನ್ನೇ ಆರಿಸಿಬಿಡ್ತೀನಿ. ಆಮೇಲೆ ಅಲ್ಲಿ ಯಾರು ನಿಂತ್ರೂ ನಮಗೆ ಗೊತ್ತಾಗೋದೂ ಬೇಡ, ಈ ತಲೆನೋವೂ ಬೇಡ.”

ಅದೇ ದಿನ, ಮಂಗಳವಾರ, ರಾತ್ರಿ ಊಟಕ್ಕೆ ಕೂತಾಗ ಅತ್ತೆ ಎಂದಿನಂತೆ ಉತ್ಸಾಹದಲ್ಲಿರಲಿಲ್ಲ. ಕೈಯಲ್ಲಿ ಹಣ್ಣೂ ಇಲ್ಲ, ಬಾಯಲ್ಲಿ ಸುದ್ದಿಯೂ ಇಲ್ಲ.

“ಸುಣ್ಣದಗೂಡಿಗೆ ಹೋಗ್ತಿದೆ ಕಣೆ ಈಗ,” ಎಂದರು. ಅದು ಊರಾಚೆಯ ಬಡಾವಣೆ. ಒಂದು ಕಾಲದಲ್ಲಿ ಸುಣ್ಣ ಸುಡುತ್ತಿದ್ದ ಜಾಗ. “ನೋಡಕ್ಕೆ ಏನೂ ಇಲ್ಲ ಅಲ್ಲಿ. ಸಣ್ಣ ಸಣ್ಣ ಮನೆ. ಆದ್ರೆ ಸಾಯಂಕಾಲದ ಬಸ್ಸಲ್ಲಿ ಸೀರೆ ಅಂಗಡಿ ಹುಡುಗೀರು ನಾಲ್ಕು ಜನ ಸಿಕ್ಕಿದ್ರು. ಇಂದ್ರಾಣಿ ಅಂತ ಒಬ್ಬಳು. ಸೀಟಲ್ಲಿ ಕೂತವಳೇ ಅಳೋಕೆ ಶುರು ಮಾಡಿದ್ಲು.”

“ಯಾಕಂತೆ?”

“ಅಷ್ಟು ದೂರಕ್ಕೆ ಇದುವರ್ಗೂ ನೇರ ಬಸ್ಸೇ ಇರ್ಲಿಲ್ವಂತೆ. ಅಂಗಡಿ ಮುಚ್ಚಿ, ಎಲ್ಲೋ ನಡ್ಕೊಂಡು ಹೋಗಿ, ಎರಡು ಬಸ್ಸು ಬದಲಾಯ್ಸಿ, ಮತ್ತೆ ನಡ್ದು ಮನೆ ಸೇರೋ ಹೊತ್ಗೆ ಮಗು ಮಲಗಿರುತ್ತಂತೆ. ಬೆಳಗ್ಗೆ ಇವಳು ಹೊರಡೋವಾಗ್ಲೂ ಅದು ಎದ್ದಿರಲ್ಲ. ಭಾನುವಾರ ಬಿಟ್ರೆ ತನ್ನ ಮಗಳು ಎದ್ದಿರೋದನ್ನ ಅವಳು ನೋಡೇ ಇಲ್ಲ ಕಣೆ ವನಜಾ! ನಿನ್ನೆ ಈ ಬಸ್ಸು ಬಂತು ಅಂತ ಬೇಗ ಹೋದ್ಲಂತೆ. ಮಗು ಬಾಗಿಲಲ್ಲಿ ಕೂತಿತ್ತಂತೆ.”

ಶಾನುಭೋಗರ ರೀತಿ ನನಗೆ ಗೊತ್ತಲ್ಲ, ಕೆಂಪು ಚುಕ್ಕಿ ಹತ್ತದಿದ್ದರೆ ಈ ದಾರಿಯನ್ನೂ ಅಳಿಸುತ್ತಾರೆ. ನಾಲ್ಕು ಜನರಿಗಾಗಿ ಒಂದು ಬಸ್ಸನ್ನು ಅವರು ಇಡುವುದಿಲ್ಲ. ಅವರಿಗಿಂತ ಮೊದಲು ಗುರುಪಾದ ಸರ್ ಕಲ್ಲು ಆರಿಸಿದರಂತೂ ಮುಗಿಯಿತು. ಬುಧವಾರ ನನಗೆ ರಜೆ. ಎದ್ದವಳೇ ಜವಳಿ ಬೀದಿಗೆ ಹೊರಟೆ.

ಬೀದಿ ಎಂದಿನಂತೆ ಗಿಜಿಗುಡುತ್ತಿತ್ತು. ಮದುವೆಯ ಕಾಲ, ಜವಳಿ ಕೊಳ್ಳಲು ಬಂದವರ ದಂಡು. ನಿಲ್ದಾಣದ ಹತ್ತಿರ ನಾಲ್ಕೈದು ಜನ ನಿಂತಿದ್ದರು. ಬಸ್ಸು ಬಂತು. ಎಲ್ಲರೂ ಹತ್ತಿದರು. ಒಬ್ಬಳು ಮಾತ್ರ ಬೆನ್ನು ಹಾಕಿ ನಿಂತೇ ಇದ್ದಳು. ಎತ್ತರದ ನಿಲುವು, ಅರಿಸಿನ ಬಣ್ಣದ ರೇಷ್ಮೆ ಸೀರೆ, ಮೊಳದುದ್ದ ಮಲ್ಲಿಗೆ. ಬಸ್ಸು ಹೊರಟ ಗಾಳಿಗೆ ಸೆರಗು ಹಾರಿತು, ಅವಳು ಸ್ವಲ್ಪ ಅತ್ತಿತ್ತ ತೂಗಿದಳು. ಇವಳೇ! ಮೆಲ್ಲಗೆ ಹತ್ತಿರ ಹೋಗಿ, ಗಾಬರಿಯಾಗಬಾರದೆಂದು ಆದಷ್ಟು ಮೃದುವಾಗಿ ಕೇಳಿದೆ.

“ಏನಮ್ಮಾ, ಎಲ್ಲಿಗೆ ಹೋಗ್ಬೇಕು ನಿಮಗೆ?”

ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಮುಂದೆ ಬಂದು ಮುಖ ನೋಡಿದೆ. ಗುಲಾಬಿ ಕೆನ್ನೆ, ಮಿಟುಕಿಸದ ಕಣ್ಣು. ಅಂಗಡಿ ಮುಂದೆ ಸೀರೆ ಉಡಿಸಿ ನಿಲ್ಲಿಸುತ್ತಾರಲ್ಲ, ಆ ಗೊಂಬೆ. ಅಯ್ಯೋ ನನ್ನ ಕರ್ಮವೇ!

“ಅಲಮೇಲಕ್ಕ ಯಾರ ಹತ್ರಾನೂ ಮಾತಾಡಲ್ಲ ಮೇಡಂ,” ಎಂದಳು ನಕ್ಕ ಹುಡುಗಿ. ಸಣಕಲು ಮೈ, ಅಂಗಡಿಯ ಸಮವಸ್ತ್ರದ ನೀಲಿ ಸೀರೆ. ಕೈಯಲ್ಲಿ ಪಿನ್ನುಗಳ ಡಬ್ಬಿ. “ನಾವೇ ಇಟ್ಟಿರೋ ಹೆಸ್ರು. ಬೆಳಗ್ಗಿಂದ ಅಂಗಡಿ ಮುಚ್ಚೋವರ್ಗೂ ನಿಲ್ಲೋ ಕೆಲ್ಸ ನಮ್ದೂ ಅದೇ, ಅವಳ್ದೂ ಅದೇ.”

ನಾನು ಸಂಚಾರ ಕೇಂದ್ರದವಳೆಂದು ತಿಳಿದದ್ದೇ ಅಂಗಡಿಯ ಯಜಮಾನ ಪಟ್ಟಾಭಿ ಶೆಟ್ಟರು ಗದ್ದುಗೆಯಿಂದ ಇಳಿದು ಬಂದರು. ಗೊಂಬೆ ತೆಗೆಸಲು ಬಂದಿದ್ದೇನೆ ಎಂದು ಅವರ ಅನುಮಾನ.

“ನೋಡಿಯಮ್ಮ, ನಮ್ಮಪ್ಪನ ಕಾಲದಿಂದ ಗೊಂಬೆ ನಿಲ್ಲೋ ಜಾಗ ಇದು. ಬೆಳಗ್ಗೆ ಇವಳಿಗೆ ಸೀರೆ ಉಡಿಸಿ, ಆರತಿ ಎತ್ತಿ, ಇಲ್ಲಿ ನಿಲ್ಲಿಸಿದ ಮೇಲೇ ನಮಗೆ ಬೋಣಿ. ಕಲ್ಲು ಬಂದು ಗೊಂಬೆ ಕೆಳಗೆ ಕೂತಿದೆಯೇ ಹೊರತು, ಗೊಂಬೆ ಹೋಗಿ ನಿಮ್ಮ ಕಲ್ಲ ಮೇಲೆ ನಿಂತಿಲ್ಲ.”

“ಅದ್ಸರಿ ಶೆಟ್ರೇ. ಕಲ್ಲು ಹಾಕಿ ಎಷ್ಟೋ ವರ್ಷವಾಯ್ತು. ಯುಗಾದಿ ಆದ್ಮೇಲೆ ಇವಳು ಇಷ್ಟು ಭಾರ ಹೇಗಾದ್ಲು?”

ಶೆಟ್ಟರು ಹುಬ್ಬು ಗಂಟಿಕ್ಕಿದರು. ಉತ್ತರ ಹೇಳಿದ್ದು ಆ ಹುಡುಗಿಯೇ. ಯುಗಾದಿಯ ಹಿಂದಿನ ದಿನ ಬಸ್ಸಿನ ಗಾಳಿಗೆ ಗೊಂಬೆ ಮುಗ್ಗರಿಸಿ ಬಿದ್ದು ಮೂಗು ಮುಕ್ಕಾಯಿತಂತೆ. ಇನ್ನು ಬೀಳಬಾರದೆಂದು ಪೀಠದೊಳಗೆ ಮರಳು ತುಂಬಿಸಿದರಂತೆ. ಪೀಠದ ಒಂದು ಮೂಲೆ ಆಗಲೇ ಸವೆದಿತ್ತು. ಮರಳಿನ ಭಾರಕ್ಕೆ ಬೀಳುವುದಿಲ್ಲ, ಆದರೆ ಸವೆದ ಮೂಲೆಯಿಂದಾಗಿ ಬಸ್ಸು ಹೋದಾಗಲೆಲ್ಲ ತೂಗಾಡುತ್ತಾಳೆ.

ಹೆಂಗಸಿನ ಭಾರ, ಹೆಂಗಸಿನ ತೂಗಾಟ. ನಾನು ಅಲ್ಲೇ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮ ಶಾನುಭೋಗರು, ಅಷ್ಟು ಬುದ್ಧಿವಂತರು, ಒಂದು ಗೊಂಬೆಯನ್ನು ಮೃಗಾಲಯ ತೋರಿಸಲು ಕರೆದಿದ್ದರು! ನಗುತ್ತಲೇ ಆ ಹುಡುಗಿಗೆ ಎಲ್ಲವನ್ನೂ ವಿವರಿಸಿದೆ. ಅವಳು ಮೊದಮೊದಲು ನನ್ನೊಡನೆ ನಕ್ಕಳು. ಆಮೇಲೆ ನಗು ನಿಂತುಹೋಯಿತು.

“ಅಂದ್ರೆ ಮೇಡಂ, ಸುಣ್ಣದಗೂಡಿಗೆ ಬಸ್ಸು ಬರ್ತಿರೋದು... ಅಲಮೇಲಕ್ಕ ನಿಂತಿರೋದಕ್ಕಾ?”

ಆಗ ನನಗೆ ಹೊಳೆಯಿತು. “ನಿನ್ನ ಹೆಸರೇನಮ್ಮ?”

“ಇಂದ್ರಾಣಿ.”

ನನ್ನ ನಗುವೂ ನಿಂತಿತು. ಗೊಂಬೆಯನ್ನು ಪಕ್ಕಕ್ಕೆ ಸರಿಸಿದರೆ ನನ್ನ ಕೆಲಸ ಮುಗಿಯಿತು. ಗಿರಣಿ ಕಾಲೋನಿಯ ಮಕ್ಕಳಿಗೆ ಬಸ್ಸು ಸಿಗುತ್ತದೆ. ಇವಳ ಮಗಳು ಮತ್ತೆ ತಾಯಿಯ ಮುಖ ನೋಡದೆ ಮಲಗುತ್ತಾಳೆ.

“ನೀವು ನಾಲ್ಕು ಜನಾನೂ ಇಷ್ಟು ದಿನ ಈ ನಿಲ್ದಾಣದಲ್ಲಿ ಯಾಕೆ ನಿಲ್ಲಲಿಲ್ಲ?” ಎಂದು ಕೇಳಿದೆ. ಕೇಳುವಾಗ ಸ್ವಲ್ಪ ಸಿಟ್ಟೂ ಬಂದಿತ್ತು. “ದಿನಾ ನಿಂತಿದ್ರೆ ಯಂತ್ರಕ್ಕೆ ಗೊತ್ತಾಗ್ತಿತ್ತಲ್ಲ?”

ಇಂದ್ರಾಣಿ ನನ್ನನ್ನು ವಿಚಿತ್ರವಾಗಿ ನೋಡಿದಳು. “ಬರದೇ ಇರೋ ಬಸ್ಸಿಗೆ ಯಾರಾದ್ರೂ ಕಾಯ್ತಾರಾ ಮೇಡಂ? ಮನೇಲಿ ಮಗು ಇದೆ. ನಿಂತ್ಕೊಂಡು ಹೊತ್ತು ಕಳೆಯೋ ಬದ್ಲು ಎರಡು ಹೆಜ್ಜೆ ನಡ್ಕೊಂಡೇ ಹೋಗ್ತೀವಿ.”

ಕಿವಿಗಲ್ಲಿಗೆ ಕಾಯುವವರು ಕೇಳಿಸುತ್ತಾರೆ. ಕಾಯುವುದನ್ನೇ ಬಿಟ್ಟವರು ಕೇಳಿಸುವುದಿಲ್ಲ. ಇಷ್ಟು ವರ್ಷ ಪರದೆಯ ಮುಂದೆ ಕೂತು ಚುಕ್ಕಿ ಎಣಿಸಿದ ನನಗೆ, ಚುಕ್ಕಿ ಇಲ್ಲದ ಕಡೆಯೂ ಜನ ಇದ್ದಾರೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಬರುವುದಿಲ್ಲ ಎಂದು ಗೊತ್ತಿಲ್ಲದ ಅಲಮೇಲಕ್ಕ ಒಬ್ಬಳೇ ಕಾದಳು. ಅದಕ್ಕೇ ಬಸ್ಸು ಬಂತು.

ಮಧ್ಯಾಹ್ನ ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

“ಈಗೇನು ಮಾಡ್ತೀಯೆ?”

“ಒಂದು ದಾರಿ ಇದೆ ಅತ್ತೆ. ಗೊಂಬೇನ ಸುಣ್ಣದಗೂಡಿನ ಬಸ್ಸು ಹತ್ತಿಸಿ, ಅಲ್ಲಿ ಇಳಿಸಿಬಿಟ್ರೆ, ಇವಳಿಗೆ ಬೇಕಾಗಿದ್ದು ಈ ಊರು ಅಂತ ಶಾನುಭೋಗರಿಗೆ ಉತ್ತರ ಸಿಗುತ್ತೆ. ಹುಡುಕಾಟ ನಿಲ್ಲುತ್ತೆ, ದಿನವೆಲ್ಲ ಅದಕ್ಕೆ ಸುತ್ತೋ ಬಸ್ಸು ಗಿರಣಿ ಕಾಲೋನಿಗೆ ವಾಪಸ್ ಹೋಗುತ್ತೆ. ಇಷ್ಟು ದಿನ ಕಾದವಳ ಮಾತಿಗೆ ತೂಕ ಜಾಸ್ತಿ, ಸುಣ್ಣದಗೂಡಿನ ದಾರೀನೂ ಬೆಳಗ್ಗೆ ಸಂಜೆಗಾದ್ರೂ ಸ್ವಲ್ಪ ದಿನ ಉಳ್ಕೊಳ್ಳುತ್ತೆ. ಅಷ್ಟರೊಳಗೆ ಹುಡುಗೀರು ದಿನಾ ನಿಂತು ಅಭ್ಯಾಸ ಮಾಡ್ಕೋಬೇಕು. ಆದ್ರೆ...”

“ಏನು ಆದ್ರೆ?”

“ಸುಳ್ಳು ಲೆಕ್ಕ ಕೊಟ್ಟ ಹಾಗಲ್ವಾ? ಕಾದವಳು ಗೊಂಬೆ ತಾನೆ?”

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. “ನಾವು ಚಿಕ್ಕವರಿದ್ದಾಗ ಬಸ್ಸು ಬಂದ ತಕ್ಷಣ ಕಿಟಕೀಲಿ ಟವೆಲ್ ಹಾಕಿ ಸೀಟು ಹಿಡೀತಿದ್ರು, ಗೊತ್ತಾ? ಆ ಟವೆಲ್ಲೇನು ಕೂತ್ಕೊಂಡು ಪ್ರಯಾಣ ಮಾಡುತ್ತಾ? ಕೂತ್ಕೊಳ್ಳೋರು ಹಿಂದೆ ಬರ್ತಿದ್ದಾರೆ ಅಂತ ಅದರ ಅರ್ಥ. ಟವೆಲ್ ನೋಡಿ ಯಾರಾದ್ರೂ ಸುಳ್ಳು ಅಂದಿದ್ದುಂಟಾ? ಅಲಮೇಲು ಆ ಹುಡುಗೀರು ಹಾಕಿರೋ ಟವೆಲ್ಲು ಕಣೆ. ಹಾಕಿದ್ದು ಅವರಿಗೇ ಗೊತ್ತಿರಲಿಲ್ಲ, ಅಷ್ಟೇ.”

ಶೆಟ್ಟರನ್ನು ಒಪ್ಪಿಸುವುದು ಅತ್ತೆಯ ಪಾಲಿಗೆ ಬಂತು. ಸಂಜೆ ಇಬ್ಬರೂ ಅಂಗಡಿಗೆ ಹೋದೆವು. ಶೆಟ್ಟರು ಸುತರಾಂ ಒಪ್ಪಲಿಲ್ಲ.

“ಅಂಗಡಿ ಲಕ್ಷ್ಮಿ ಅವಳು. ಹೊರಗೆ ಕಳಿಸೋದಾ? ಅದೂ ಶುಕ್ರವಾರ ಹತ್ರ ಬಂದಿದೆ. ಶುಕ್ರವಾರ ಯಾರಾದ್ರೂ ಹೆಣ್ಣುಮಗಳನ್ನ ಮನೆಯಿಂದ ಕಳಿಸ್ತಾರಾ?”

“ಶುಕ್ರವಾರ ಕಳ್ಸಿ ಅಂತ ಯಾರಂದ್ರು ಶೆಟ್ರೇ?” ಎಂದರು ಅತ್ತೆ. “ನಾಳೆ ಗುರುವಾರ ಅಂಗಡಿ ಮುಚ್ಚಿದ ಮೇಲೆ ಹೋಗ್ತಾಳೆ, ಶುಕ್ರವಾರ ಬೆಳಗ್ಗೆ ಬಸ್ಸಲ್ಲಿ ವಾಪಸ್ ಬರ್ತಾಳೆ. ಶುಕ್ರವಾರ ಬೆಳಗ್ಗೆ ಲಕ್ಷ್ಮಿ ಮನೆಗೆ ಬಂದ್ರೆ ಬೇಡ ಅಂತೀರಾ?”

ಶೆಟ್ಟರು ಗೊಂಬೆಯ ಸೆರಗು ಸರಿಪಡಿಸಿ, “ಬರೋವಾಗ ಹೂವು ಮುಡಿಸ್ಕೊಂಡು ಕರ್ಕೊಂಡು ಬನ್ನಿ,” ಎಂದರು.

ಗುರುವಾರ ಅಂಗಡಿಯ ಬಾಗಿಲು ಅರ್ಧ ಎಳೆದ ಮೇಲೆ ಇಂದ್ರಾಣಿ ಮತ್ತು ಅವಳ ಮೂವರು ಗೆಳತಿಯರು, ನಾನು, ಅತ್ತೆ ಎಲ್ಲರೂ ಅಲಮೇಲಕ್ಕನ ಸುತ್ತ ನಿಂತೆವು. ಬೀದಿಯಲ್ಲಿ ಹಸಿರು ಗೆರೆ ಹೊತ್ತಿಕೊಂಡಿತು. ಬಸ್ಸು ಬಂದು ನಿಂತಿತು. ಯಂತ್ರ ಎಷ್ಟೇ ಬುದ್ಧಿವಂತವಾದರೂ ‘ಒಳಗೆ ಹೋಗ್ರೀ’ ಎಂದು ಗದರಲು ಮನುಷ್ಯರೇ ಬೇಕಲ್ಲ, ಕಂಡಕ್ಟರು ಇನ್ನೂ ಇದ್ದಾರೆ. ಅವತ್ತಿನವರು ಮಾದಪ್ಪ.

“ಇದೇನ್ರಮ್ಮ ಇದು? ಹೆಂಗಸ್ರಿಗೆ ಟಿಕೆಟ್ ಇಲ್ಲ, ಆದ್ರೆ ಇದಕ್ಕೆ ಲಗೇಜ್ ಆಗುತ್ತೆ.”

“ರೇಷ್ಮೆ ಸೀರೆ ಉಟ್ಟವಳನ್ನ ಲಗೇಜು ಅಂತೀಯಲ್ಲಪ್ಪ,” ಎಂದರು ಅತ್ತೆ. “ನಿಮ್ಮ ಮನೇಲಿ ಹೆಣ್ಣುಮಕ್ಕಳಿಲ್ವಾ?”

ಮಾದಪ್ಪ ತಲೆ ಕೆರೆದುಕೊಂಡು ಪಕ್ಕಕ್ಕೆ ಸರಿದರು. ಆದರೆ ಮರಳು ತುಂಬಿದ ಹೆಂಗಸು ಬಸ್ಸು ಹತ್ತುವುದೆಂದರೆ ಹುಡುಗಾಟವೇ? ನಾವೆಲ್ಲ ಒಟ್ಟಿಗೆ ಹಿಡಿದು ಏರಿಸಿದರೆ ಹಲಗೆಗೆ ನಮ್ಮೆಲ್ಲರ ಭಾರವೂ ಬಿದ್ದು ಅವಳ ಗುರುತೇ ಸಿಗದು.

“ಅವಳೊಬ್ಬಳನ್ನೇ ಹಲಗೆ ಮೇಲೆ ನಿಲ್ಲಿಸಿ! ಎಲ್ಲರೂ ಕೈ ಬಿಡಿ!” ಎಂದು ಕೂಗಿದೆ.

ಹಾಗೂ ಹೀಗೂ ಎತ್ತಿ ನಿಲ್ಲಿಸಿ ಕೈ ಬಿಟ್ಟೆವು. ಬಸ್ಸು ನಿಂತಿರುವವರೆಗೂ ಹಸಿರು ಗೆರೆ ಆರುವುದಿಲ್ಲ. ಹಿಂದೆ ಆಟೊಗಳ ಸಾಲು, ಸ್ಕೂಟರುಗಳ ಸಾಲು, ಒಂದೇ ಸಮ ಹಾರ್ನು. ಅಂಗಡಿಗಳವರೆಲ್ಲ ಹೊರಗೆ ಬಂದು ನೋಡುತ್ತಿದ್ದರು. ಇಡೀ ಜವಳಿ ಬೀದಿ ಅಲಮೇಲಕ್ಕನಿಗಾಗಿ ಕಾಯುತ್ತಿತ್ತು. ಹತ್ತಿದವರ ಲೆಕ್ಕ ತೋರಿಸುವ, ಚಾಲಕನ ಮುಂದಿನ ಫಲಕದಲ್ಲಿ ಮಾತ್ರ ಏನೂ ಬರಲಿಲ್ಲ. ಗೊಂಬೆ ಅಲುಗದೆ ನಿಂತಿದ್ದಳು. ಅವಳು ತೂಗಾಡುತ್ತಿದ್ದುದು ಬಸ್ಸಿನ ಗಾಳಿಗೆ, ಈಗ ಬಸ್ಸೇ ನಿಂತಿತ್ತಲ್ಲ!

ಇಂದ್ರಾಣಿ ಮುಂದೆ ಬಂದಳು. ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ ಎಳೆದು ಬಿಟ್ಟಳು. ಅಲಮೇಲಕ್ಕ ಅತ್ತ ವಾಲಿದಳು, ಇತ್ತ ವಾಲಿದಳು.

ಫಲಕದಲ್ಲಿ ಅಕ್ಷರ ಮೂಡಿತು: ಪ್ರಯಾಣಿಕರು ಹತ್ತಿದ್ದಾರೆ.

“ರೈಟ್ ರೈಟ್!” ಎಂದು ಮಾದಪ್ಪ ಕೂಗಿದ್ದು ನನಗೆ ಮಂಗಳವಾದ್ಯದಂತೆ ಕೇಳಿಸಿತು.

ಸುಣ್ಣದಗೂಡಿನಲ್ಲಿ ಇಳಿಸುವಾಗ ಇಂದ್ರಾಣಿಗೆ ಅಭ್ಯಾಸವಾಗಿತ್ತು. ಗೊಂಬೆಯನ್ನು ಹಲಗೆಯ ಮೇಲೆ ತೂಗಾಡಿಸಿ, ಆಮೇಲೆ ಅಲ್ಲಿನ ಕಿವಿಗಲ್ಲಿನ ಮೇಲೆ ನಿಲ್ಲಿಸಿ ಇನ್ನೊಮ್ಮೆ ತೂಗಾಡಿಸಿದಳು. ನಿಲ್ದಾಣದ ಎದುರಿಗೇ ಇಂದ್ರಾಣಿಯ ಮನೆ. ಬಾಗಿಲಲ್ಲಿ ಕೂತಿದ್ದ ಪುಟ್ಟ ಮಗಳು ಸಿಂಚನ ಓಡಿಬಂದು ಅಮ್ಮನ ಕಾಲು ಹಿಡಿದುಕೊಂಡಳು. ಆಮೇಲೆ ತಲೆಯೆತ್ತಿ ಗೊಂಬೆಯನ್ನು ನೋಡಿದಳು.

“ಅಮ್ಮ, ಇವ್ರು ಯಾರು?”

“ನಮ್ಮ ಅಲಮೇಲಕ್ಕ. ನಿನ್ನ ಹತ್ರ ನನ್ನನ್ನ ಬೇಗ ಕಳಿಸ್ದೋರು.”

“ಊಟ ಮಾಡಿದ್ರಂತಾ?”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ನಾನೂ ಅಷ್ಟೇ, ಏಕೆ ಸುಳ್ಳು ಹೇಳಲಿ.

ಶುಕ್ರವಾರ ಬೆಳಗ್ಗೆ ನಾನು ಕೇಂದ್ರಕ್ಕೆ ಹೋದಾಗ ಜವಳಿ ಬೀದಿಯ ಕೆಂಪು ಚುಕ್ಕಿ ಹಸಿರಾಗಿತ್ತು. ಪಕ್ಕದಲ್ಲಿ ಶಾನುಭೋಗರ ಷರಾ: ‘ಪ್ರಯಾಣಿಕರು ತಲುಪಿದ್ದಾರೆ.’ ಗಿರಣಿ ಕಾಲೋನಿಯ ಬಸ್ಸು ಅದಾಗಲೇ ಹೊರಟುಹೋಗಿತ್ತು. ಗುರುಪಾದ ಸರ್ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಕಳೆ ಬಂದಿತ್ತು.

“ಯಾರ್ರೀ ಕೊನೆಗೂ?”

ನಾನು ಮುಚ್ಚಿಡಲಿಲ್ಲ. ಗೊಂಬೆ, ಮರಳು, ಇಂದ್ರಾಣಿ, ಮಗು, ಅತ್ತೆಯ ಟವೆಲ್ಲು ಎಲ್ಲ ಹೇಳಿಬಿಟ್ಟೆ. ಕೆಲಸ ಹೋದರೆ ಹೋಗಲಿ ಎನ್ನುವಷ್ಟು ಧೈರ್ಯ ಎಲ್ಲಿಂದ ಬಂತೋ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಗೊಂಬೆಗೆ ಸೀಟು ಸಿಕ್ತಾ?” ಎಂದರು ಕೊನೆಗೆ.

“ಇಲ್ಲ ಸರ್. ಅಲ್ಲೂ ನಿಂತೇ ಇದ್ಲು.”

ಶುಕ್ರವಾರ ಹೂವು ಮುಡಿದು ಮನೆಗೆ ಬಂದ ಲಕ್ಷ್ಮಿ ಮತ್ತೆ ಹೊರಗೆ ನಿಲ್ಲುವುದು ಬೇಡವೆಂದು ಶೆಟ್ಟರು ಗೊಂಬೆಯನ್ನು ಹೊಸ್ತಿಲ ಒಳಗೆ ಸರಿಸಿದರು. ಆ ಕಲ್ಲಿನ ಮೇಲೆ ಸಂಜೆ ಹೊತ್ತು ಹುಡುಗಿಯರು ನಿಲ್ಲತೊಡಗಿದರು. ನಾಲ್ವರೇ ಇರುತ್ತಾರೆ ಎಂದುಕೊಂಡಿದ್ದೆ. ಪಾತ್ರೆ ಅಂಗಡಿಯವರು, ಬಳೆ ಅಂಗಡಿಯವರು, ಟೈಲರುಗಳು, ಎಲ್ಲಿದ್ದರೋ ಇಷ್ಟು ದಿನ, ಒಬ್ಬೊಬ್ಬರಾಗಿ ಬಂದರು. ತಿಂಗಳು ತುಂಬುವುದರೊಳಗೆ ಸುಣ್ಣದಗೂಡಿನ ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲ ಎಂದು ಅತ್ತೆಯೇ ಗೊಣಗಿದರು.

ನಮ್ಮತ್ತೆ ಬಾಯಿಗೆ ಬೀಗ ಹಾಕುವವರಲ್ಲ. ಹತ್ತಿದ ಬಸ್ಸಿನಲ್ಲೆಲ್ಲ ಅಲಮೇಲಕ್ಕನ ಕಥೆ ಹೇಳಿದ್ದರು. ಒಂದು ಬೆಳಗ್ಗೆ ಗುರುಪಾದ ಸರ್ ನನ್ನನ್ನು ಕರೆದರು.

“ವನಜಾಕ್ಷಿಯವ್ರೇ, ಇಲ್ಲಿ ನೋಡಿ.”

ಪರದೆಯ ತುಂಬ ಕೆಂಪು ಚುಕ್ಕಿಗಳು. ಗಾರ್ಮೆಂಟ್ಸ್ ಗೇಟಿನ ಮುಂದೆ ಒಂದು. ಹಳೇ ಆಸ್ಪತ್ರೆಯ ಹಿಂದೆ ಒಂದು. ಊರಾಚೆಯ ಇಟ್ಟಿಗೆ ಗೂಡಿನ ಹತ್ತಿರ, ನಾವು ಹೆಸರೂ ಕೇಳಿರದ ನಿಲ್ದಾಣದಲ್ಲಿ ಒಂದು. ಯಾವುದೂ ಬಸ್ಸು ಹತ್ತುತ್ತಿಲ್ಲ. ಎಲ್ಲವೂ ಮೆಲ್ಲಗೆ ತೂಗಾಡುತ್ತಿವೆ.

“ಟವೆಲ್ಲಾ?” ಎಂದರು ಸರ್.

“ಟವೆಲ್ಲೇ ಸರ್.”

ಕಲ್ಲುಗಳನ್ನೆಲ್ಲ ಆರಿಸಿಬಿಡುತ್ತಾರೇನೋ ಎಂದು ನನಗೆ ಭಯವಾಯಿತು. ಅವರ ಕೈ ಅತ್ತ ಹೋಗಲಿಲ್ಲ. ಕನ್ನಡಕ ಹಣೆಗೇರಿಸಿ, ಮೇಲಿನ ಕಚೇರಿಗೆ ಫೋನ್ ಹಚ್ಚಿದರು.

“ನಮಸ್ಕಾರ ಸರ್. ನಮಗೆ ಇನ್ನಷ್ಟು ಬಸ್ಸು ಬೇಕಾಗಿತ್ತು... ಯಾರಿಗೆ ಅಂದ್ರೆ... ಇಲ್ಲ ಸರ್, ಸ್ಟಾಪಲ್ಲಿ ಇನ್ನೂ ಯಾರೂ ಬಂದಿಲ್ಲ.” ಪರದೆಯ ಕಡೆ ನೋಡುತ್ತಲೇ ಹೇಳಿದರು. “ಹಿಂದೆ ಬರ್ತಿದ್ದಾರೆ.”